ಆರು ವರ್ಷ ಹಳೆಯ ಉಪ್ಪುನೀರಿನ ಅಕ್ವೇರಿಯಂನ ತಳಹಾಸನ್ನು ಬದಲಿಸುವುದು ಹೇಗೆ?

ತಿಳಿಗಡಲು

ಎಲ್ಲರಿಗೂ ನಮಸ್ಕಾರ.

ಆರು ವರ್ಷಗಳಿಂದ ನಡೆದುಕೊಂಡು ಬಂದಿರುವ ನನ್ನ ಉಪ್ಪುನೀರಿನ ಅಕ್ವೇರಿಯಂನ ತಳಹಾಸನ್ನು ಬದಲಿಸಬೇಕೆಂದು ತೀರ್ಮಾನಿಸಿದ್ದೇನೆ. ಆದರೆ ಕೈ ಹಾಕಲು ಧೈರ್ಯ ಸಾಲುತ್ತಿಲ್ಲ. ತೊಟ್ಟಿಯ ಉದ್ದ 120 ಸೆಂ.ಮೀ., ಅಗಲ ಮತ್ತು ಎತ್ತರ ತಲಾ 50 ಸೆಂ.ಮೀ. ಕಲ್ಲು ಮತ್ತು ತಳಹಾಸು ಹಿಡಿದಿರುವ ಜಾಗವನ್ನು ಕಳೆದರೆ ಒಳಗೆ ಸುಮಾರು 230 ಲೀಟರ್ ನೀರಿದೆ. ಆರಂಭದಲ್ಲಿ ಹೆಚ್ಚು ವಿಚಾರಿಸದೆ ಹವಳದ ಜಲ್ಲಿಯನ್ನು 5 ಸೆಂ.ಮೀ. ದಪ್ಪಕ್ಕೆ ಹಾಸಿದ್ದೆ. ಅದರ ಚೂರುಗಳು 3ರಿಂದ 8 ಮಿ.ಮೀ. ಗಾತ್ರದವು, ಕೆಲವಕ್ಕೆ ಕೈಗೆ ತಾಗುವಷ್ಟು ಚೂಪಾದ ಅಂಚುಗಳೂ ಇವೆ.

ಬದಲಿಸಬೇಕೆನ್ನಿಸಲು ಮುಖ್ಯ ಕಾರಣ ನನ್ನ ಹಳದಿ ರಾಸ್ ಮೀನು. ಅದು ಪ್ರತಿ ಸಂಜೆ ದೀಪ ಆರುವುದಕ್ಕೆ ಸ್ವಲ್ಪ ಮೊದಲೇ ತಳದಲ್ಲಿ ಹುದುಗಿಕೊಂಡು ಮಲಗುತ್ತದೆ. ಇತ್ತೀಚೆಗೆ ಅದರ ಪಕ್ಕೆಯಲ್ಲಿ ಉಜ್ಜಿದ ಗಾಯಗಳು ಕಾಣುತ್ತಿವೆ. ಎರಡು ತಿಂಗಳ ಹಿಂದೆ ತಂದ, ಮರಳನ್ನು ಬಾಯಲ್ಲಿ ತುಂಬಿಕೊಂಡು ಕಿವಿರುಗಳ ಮೂಲಕ ಜರಡಿ ಹಿಡಿಯುವ ಜಾತಿಯ ಗೋಬಿಯಂತೂ ಒಂದೊಂದು ಚೂರನ್ನೇ ಕಚ್ಚಿ ಉಗುಳುತ್ತ ದಿನ ಕಳೆಯುತ್ತಿದೆ. ಇವೆರಡರ ಜೊತೆಗೆ ಒಂದು ಜೋಡಿ ಕ್ಲೌನ್ ಮೀನು, ಎಂಟು ನಸಾರಿಯಸ್ ಬಸವನಹುಳು, ಒಂದು ಲೆದರ್ ಹವಳ, ಕೆಲವು ಮಶ್ರೂಮ್ ಹವಳ ಮತ್ತು ಝೋವಾಂಥಿಡ್‌ಗಳೆಂಬ ಹವಳದಂಥ ಜೀವಿಗಳಿವೆ. ನಿನ್ನೆಯ ಪರೀಕ್ಷೆಯಲ್ಲಿ ಅಮೋನಿಯಾ ಸೊನ್ನೆ, ನೈಟ್ರೇಟ್ 40 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು), ಫಾಸ್ಫೇಟ್ 0.35 ಪಿಪಿಎಂ, ಲವಣಾಂಶ 35 ಪಿಪಿಟಿ (ಸಾವಿರಕ್ಕೆ ಇಷ್ಟು ಪಾಲು) ಬಂದಿದೆ. ಪ್ರತಿ ವಾರ ನೀರು ಬದಲಿಸಿದರೂ ನೈಟ್ರೇಟ್ ಇಳಿಯುತ್ತಿಲ್ಲ.

ನನ್ನ ಸಂದೇಹಗಳು ಮೂರು. ಜಲ್ಲಿಯನ್ನು ತೆಗೆದರೆ ಅದರೊಂದಿಗೆ ಮೀನಿನ ತ್ಯಾಜ್ಯವನ್ನು ಒಡೆಯುವ ಬ್ಯಾಕ್ಟೀರಿಯಾವೂ ಹೋಗಿ ತೊಟ್ಟಿ ಮತ್ತೆ ಮೊದಲಿನಿಂದ ಹದಗೊಳ್ಳಬೇಕಾಗುತ್ತದೆಯೇ? ಒಂದೇ ದಿನದಲ್ಲಿ ಎಲ್ಲವನ್ನೂ ಮುಗಿಸುವುದು ಒಳ್ಳೆಯದೇ, ಅಥವಾ ಸ್ವಲ್ಪಸ್ವಲ್ಪವಾಗಿ ತೆಗೆಯಬೇಕೇ? ಇದ್ಯಾವುದೂ ಬೇಡವೆಂದು, ಇರುವ ಜಲ್ಲಿಯ ಮೇಲೆಯೇ ನಯವಾದ ಅರಗೊನೈಟ್ (ಸುಣ್ಣದ ಅಂಶದ) ಮರಳನ್ನು ಸುರಿದರೆ ಏನಾಗುತ್ತದೆ?

ಹವಳದಿಬ್ಬ

ನಿಮ್ಮ ಕೊನೆಯ ಪ್ರಶ್ನೆಗೆ ಮೊದಲು ಉತ್ತರಿಸುತ್ತೇನೆ, ಏಕೆಂದರೆ ಆ ದಾರಿಯನ್ನು ಮುಚ್ಚಿಬಿಡುವುದು ಒಳ್ಳೆಯದು. ಜಲ್ಲಿಯ ಮೇಲೆ ಮರಳು ಸುರಿದರೆ ಮರಳು ಮೇಲೆ ನಿಲ್ಲುವುದಿಲ್ಲ. ಸಣ್ಣ ಕಣಗಳು ದೊಡ್ಡ ಚೂರುಗಳ ಸಂದಿಗಳಲ್ಲಿ ಜಾರಿ ಕೆಳಗಿಳಿಯುತ್ತವೆ, ಗೋಬಿ ಮತ್ತು ಬಸವನಹುಳುಗಳು ಕೆದಕಿದಂತೆಲ್ಲ ಜಲ್ಲಿ ಮೇಲಕ್ಕೆ ಬರುತ್ತದೆ. ಕೆಲವೇ ತಿಂಗಳಲ್ಲಿ ನಿಮ್ಮ ಕಣ್ಣೆದುರಿಗೆ ಮತ್ತೆ ಅದೇ ಜಲ್ಲಿ ಇರುತ್ತದೆ. ವ್ಯತ್ಯಾಸವೆಂದರೆ, ಅದರ ಸಂದಿಗಳಲ್ಲಿದ್ದ ಹೂಳಿನ ಮೇಲೆ ಈಗ ಮರಳಿನ ಮುಚ್ಚಳವೂ ಬಿದ್ದಿರುತ್ತದೆ.

ಇನ್ನು ಬ್ಯಾಕ್ಟೀರಿಯಾದ ವಿಚಾರ. ಅಮೋನಿಯಾವನ್ನು ನೈಟ್ರೈಟಾಗಿಯೂ ನೈಟ್ರೈಟನ್ನು ನೈಟ್ರೇಟಾಗಿಯೂ ಮಾರ್ಪಡಿಸುವ ಸೂಕ್ಷ್ಮಜೀವಿಗಳು ನೀರಿನಲ್ಲಿ ತೇಲಿಕೊಂಡಿರುವುದಕ್ಕಿಂತ ಬಹುಮಟ್ಟಿಗೆ ಯಾವುದಾದರೂ ಮೇಲ್ಮೈಗೆ ಅಂಟಿಕೊಂಡು ಬದುಕುತ್ತವೆ. ನಿಮ್ಮ ತೊಟ್ಟಿಯಲ್ಲಿ ಅಂಥ ಮೇಲ್ಮೈ ಜಲ್ಲಿಯೊಂದೇ ಅಲ್ಲ. ಆರು ವರ್ಷ ಪಳಗಿದ ಲೈವ್ ರಾಕ್ (ಸೂಕ್ಷ್ಮಜೀವಿಗಳು ನೆಲೆಸಿರುವ ರಂಧ್ರಮಯ ಕಲ್ಲು) ಸಾಕಷ್ಟಿದ್ದರೆ, ಅದರ ರಂಧ್ರಗಳಲ್ಲಿರುವ ಬ್ಯಾಕ್ಟೀರಿಯಾವೇ ನಾಲ್ಕು ಮೀನುಗಳ ಹೊರೆಯನ್ನು ಹೊರಬಲ್ಲವು. ತೊಟ್ಟಿ ಮತ್ತೆ ಮೊದಲಿನಿಂದ ಹದಗೊಳ್ಳಬೇಕಾದ ಸಂದರ್ಭ ಬರುವುದು ಕಲ್ಲುಗಳೇ ಇಲ್ಲದಿದ್ದಾಗ, ಅಥವಾ ಕಲ್ಲುಗಳನ್ನು ಹೊರಗಿಟ್ಟು ಒಣಗಿಸಿದಾಗ ಅಥವಾ ನಲ್ಲಿಯ ನೀರಿನಲ್ಲಿ ತೊಳೆದಾಗ.

ಭಯಪಡಬೇಕಾದದ್ದು ಜಲ್ಲಿಯೊಂದಿಗೆ ಹೊರಗೆ ಹೋಗುವುದಕ್ಕಲ್ಲ, ಜಲ್ಲಿಯ ಕೆಳಗಿನಿಂದ ಮೇಲಕ್ಕೆ ಏಳುವುದಕ್ಕೆ. ಹಿಂದೆ ಹವಳದ ಜಲ್ಲಿಯನ್ನು ಬಳಸುತ್ತಿದ್ದದ್ದು ತಳದಲ್ಲಿ ರಂಧ್ರಗಳಿರುವ ತಟ್ಟೆಯನ್ನಿಟ್ಟು, ಅದರ ಮೂಲಕ ನೀರನ್ನು ಸದಾ ಕೆಳಮುಖವಾಗಿ ಎಳೆಯುವ ಫಿಲ್ಟರ್‌ಗಳ ಕಾಲದಲ್ಲಿ. ಆ ತಟ್ಟೆ ಮರೆಯಾದರೂ ಜಲ್ಲಿ ಉಳಿದುಕೊಂಡಿತು. ಈಗ ಅದರೊಳಗೆ ನೀರಿನ ಓಟವಿಲ್ಲ. ಮೀನಿನ ಮಲ, ತಿನ್ನದೆ ಉಳಿದ ಆಹಾರ, ಕಲ್ಲಿನಿಂದ ಉದುರಿದ ಪುಡಿ ಎಲ್ಲವೂ ದಪ್ಪ ಚೂರುಗಳ ನಡುವೆ ಬಿದ್ದು, ನೊರೆಯೊಂದಿಗೆ ಕೊಳೆಯನ್ನು ತೆಗೆಯುವ ಸ್ಕಿಮ್ಮರ್‌ಗೂ ಸಿಗದೆ ಹುಳಗಳಿಗೂ ಮುಗಿಯದೆ ಕೊಳೆಯುತ್ತಿರುತ್ತವೆ. ನಿಮ್ಮ ನೈಟ್ರೇಟ್ ಇಳಿಯದಿರುವುದಕ್ಕೆ ಕಾರಣ ಅಲ್ಲೇ ಇದ್ದಂತೆ ನನಗೆ ಕಾಣುತ್ತದೆ. ಇಡೀ ಹೂಳನ್ನು ಒಮ್ಮೆಲೇ ಕದಡಿದರೆ ಅದು ನೀರಿನ ಆಮ್ಲಜನಕವನ್ನು ಹೀರಿಕೊಳ್ಳುತ್ತದೆ ಮತ್ತು ಅಡಗಿದ್ದ ಅಮೋನಿಯಾವನ್ನು ಬಿಡುಗಡೆ ಮಾಡುತ್ತದೆ. ಸಿಹಿನೀರಿನ ತೊಟ್ಟಿಗಳಲ್ಲಿ ಸಹಿಸಬಹುದಾದ ಅಮೋನಿಯಾ ಪ್ರಮಾಣ ಇಲ್ಲಿ ಏಕೆ ಅಪಾಯಕಾರಿ ಎಂದು ಹಲವರು ಕೇಳುತ್ತಾರೆ. ಪಿಎಚ್ ಹೆಚ್ಚಿದಂತೆ ಒಟ್ಟು ಅಮೋನಿಯಾದಲ್ಲಿ ವಿಷಕಾರಿಯಾದ ಭಾಗ ಹೆಚ್ಚುತ್ತದೆ. 25 ಡಿಗ್ರಿ ಸೆಲ್ಸಿಯಸ್‌ನಲ್ಲಿ ಪಿಎಚ್ 7.2 ಇದ್ದರೆ ಅದು ನೂರಕ್ಕೆ ಒಂದು ಪಾಲಿಗಿಂತ ಕಡಿಮೆ. ಸಮುದ್ರದ ನೀರಿನಂತೆ 8.2 ಇದ್ದರೆ ನೂರಕ್ಕೆ ಏಳೆಂಟು ಪಾಲಿನ ಆಸುಪಾಸಿಗೆ ಏರುತ್ತದೆ.

ಆದ್ದರಿಂದ ನನ್ನ ಸಲಹೆ: ಮೊದಲು ಹೂಳೆತ್ತಿರಿ, ಜಲ್ಲಿಯನ್ನು ಆಮೇಲೆ ತೆಗೆಯಿರಿ. ಇವೆರಡನ್ನೂ ಒಂದೇ ಕೆಲಸವೆಂದು ತಿಳಿಯುವುದರಿಂದಲೇ ಹೆಚ್ಚಿನವರು ಎಡವುತ್ತಾರೆ. ದಪ್ಪ ಕೊಳವೆಯಿಂದ ಜಲ್ಲಿಯನ್ನೇ ಹೀರಿ ತೆಗೆಯುತ್ತೇನೆಂದು ಹೊರಟರೆ, 20 ಮಿ.ಮೀ. ಒಳವ್ಯಾಸದ ಕೊಳವೆಯಲ್ಲಿ 30 ಲೀಟರ್ ನೀರು ಒಂದು ನಿಮಿಷದೊಳಗೆ ಖಾಲಿಯಾಗುತ್ತದೆ. ಅಷ್ಟರಲ್ಲಿ ನೀವು ತೆಗೆದ ಜಲ್ಲಿ ಎರಡು ಬೊಗಸೆ ಮಾತ್ರ. ಅದರ ಬದಲು 12 ಮಿ.ಮೀ. ಕೊಳವೆಯ ತುದಿಗೆ ಅಗಲವಾದ ಪ್ಲಾಸ್ಟಿಕ್ ನಳಿಗೆಯನ್ನು ಸಿಕ್ಕಿಸಿ ಜಲ್ಲಿಯೊಳಗೆ ಲಂಬವಾಗಿ ಇಳಿಸಿರಿ. ನಳಿಗೆಯೊಳಗೆ ಚೂರುಗಳು ಕುದಿಯುವಂತೆ ಮೇಲೆದ್ದು ತಿರುಗುತ್ತವೆ, ಕಂದು ಬಣ್ಣದ ಹೂಳು ಮಾತ್ರ ಕೊಳವೆ ಹಿಡಿದು ಹೊರಟುಹೋಗುತ್ತದೆ. ಒಳಗಿನ ನೀರು ತಿಳಿಯಾದೊಡನೆ ಕೊಳವೆಯನ್ನು ಹೆಬ್ಬೆರಳಿನಿಂದ ಒತ್ತಿಹಿಡಿದು, ಚೂರುಗಳನ್ನು ಅಲ್ಲೇ ಕೂರಿಸಿ, ಪಕ್ಕದ ಜಾಗಕ್ಕೆ ಸರಿಯಿರಿ. ಒಂದು ವಾರಕ್ಕೆ ತಳದ ಆರನೇ ಒಂದು ಭಾಗ ಮಾತ್ರ, 30 ಲೀಟರ್ ಮುಗಿಯುವವರೆಗೆ. ಹೀಗೆ ಹೂಳು ಹೋದ ಭಾಗದ ಜಲ್ಲಿಯನ್ನು ಮುಂದಿನ ವಾರ ಪ್ಲಾಸ್ಟಿಕ್ ಮೊಗೆಯಿಂದ ನಿಧಾನವಾಗಿ ಎತ್ತಿದರೆ ನೀರು ಅಷ್ಟಾಗಿ ಬಗ್ಗಡವಾಗುವುದೂ ಇಲ್ಲ.

ಒಂದು ಪ್ರಶ್ನೆ ನಿಮಗೆ: ಕಲ್ಲುಗಳು ಗಾಜಿನ ಮೇಲೆ ಕುಳಿತಿವೆಯೇ, ಜಲ್ಲಿಯ ಮೇಲೆ ಕುಳಿತಿವೆಯೇ? ಜಲ್ಲಿಯ ಮೇಲಿದ್ದರೆ ಲೆಕ್ಕ ಬೇರೆಯಾಗುತ್ತದೆ.

ಉಬ್ಬರವಿಳಿತ

ಹವಳದಿಬ್ಬ ಅವರು ಹೇಳಿದ ಅಪಾಯವನ್ನು ನಾನು ನನ್ನ ಕೈಯಾರೆ ತಂದುಕೊಂಡವನು, ಆದುದರಿಂದ ಬರೆಯುತ್ತಿದ್ದೇನೆ.

ನನ್ನದು 12 ಸೆಂ.ಮೀ. ದಪ್ಪದ ನಯವಾದ ಮರಳಿನ ತಳ. ಆ ದಪ್ಪಕ್ಕೆ ಒಂದು ಉದ್ದೇಶವಿತ್ತು. ಆಮ್ಲಜನಕ ತಲುಪದ ಕೆಳಪದರದಲ್ಲಿ ಬ್ಯಾಕ್ಟೀರಿಯಾ ನೈಟ್ರೇಟನ್ನು ಸಾರಜನಕದ ಅನಿಲವಾಗಿ ಒಡೆಯುತ್ತವೆ, ಮತ್ತು ನನ್ನ ತೊಟ್ಟಿಯಲ್ಲಿ ಹಲವು ವರ್ಷ ಆ ಕೆಲಸ ಚೆನ್ನಾಗಿಯೇ ನಡೆಯಿತು. ಗಾಜಿನ ಬದಿಯಿಂದ ನೋಡಿದರೆ ಮೇಲೆ ಬೆಳ್ಳಗೆ, ನಡುವೆ ಬೂದುಬಣ್ಣಕ್ಕೆ, ಕೆಳಗೆ ಕಾಡಿಗೆಯಷ್ಟು ಕಪ್ಪಗೆ ಪದರಗಳು ಕಾಣುತ್ತಿದ್ದವು. ಆ ಕಪ್ಪು ಬಹುಮಟ್ಟಿಗೆ ಕಬ್ಬಿಣದ ಸಲ್ಫೈಡಿನದು. ಅದು ಅಲ್ಲಿ ಸುಮ್ಮನಿದ್ದಷ್ಟು ಕಾಲ ಯಾರಿಗೂ ತೊಂದರೆ ಇರಲಿಲ್ಲ. ಒಂದು ಸಂಜೆ ಹವಳವೊಂದಕ್ಕೆ ಜಾಗ ಮಾಡಬೇಕೆಂದು, ಮರಳಿನಲ್ಲಿ ಅರ್ಧ ಹೂತಿದ್ದ ದೊಡ್ಡ ಕಲ್ಲನ್ನು ಅಲುಗಾಡಿಸಿ ಕಿತ್ತೆ. ಅದರ ಹಿಂದೆಯೇ ಕಪ್ಪು ಮೋಡದಂತೆ ಏನೋ ಎದ್ದಿತು, ಕೋಣೆಯೆಲ್ಲ ಕೊಳೆತ ಮೊಟ್ಟೆಯ ವಾಸನೆ ಹರಡಿತು. ಹೈಡ್ರೋಜನ್ ಸಲ್ಫೈಡ್‌ನ ವಾಸನೆ ಅದು. ನೀರು ತಿಳಿಯಾಗಲೆಂದು ಕಾಯುತ್ತ, ದೀಪ ಆರಿಸಿ ಮಲಗಿಬಿಟ್ಟೆ. ಬೆಳಿಗ್ಗೆ ಎದ್ದಾಗ ಐದು ಮೀನುಗಳಲ್ಲಿ ಮೂರು ಸತ್ತಿದ್ದವು, ಉಳಿದ ಎರಡು ಮೇಲ್ಮೈಯಲ್ಲಿ ಬಾಯಿ ಬಿಡುತ್ತಿದ್ದವು.

ಕೊಂದದ್ದು ಸಲ್ಫೈಡೋ, ಕದಡಿದ ಹೂಳು ರಾತ್ರಿಯಿಡೀ ಆಮ್ಲಜನಕವನ್ನು ಹೀರಿಕೊಂಡದ್ದೋ, ಎರಡೂ ಸೇರಿಯೋ ಎಂದು ಈಗ ಬೇರ್ಪಡಿಸಿ ಹೇಳಲಾಗದು. ಆದರೆ ನನ್ನ ತಪ್ಪು ಕಲ್ಲು ಕಿತ್ತದ್ದಕ್ಕಿಂತಲೂ ಆಮೇಲೆ ಸುಮ್ಮನೆ ಕುಳಿತದ್ದು. ಆಗಲೇ ಪವರ್‌ಹೆಡ್‌ನ (ತೊಟ್ಟಿಯೊಳಗೆ ನೀರನ್ನು ಓಡಿಸುವ ಪಂಪ್‌ನ) ಮುಖವನ್ನು ಮೇಲ್ಮೈಯ ಕಡೆಗೆ ತಿರುಗಿಸಿ ನೀರನ್ನು ಕಲಕಿಸಿ, ಗಾಳಿಯ ಕಲ್ಲು ಹಾಕಿ, ಕಲ್ಮಶ ಹೀರುವ ಕಾರ್ಬನ್ ಇಟ್ಟು, ಸಿದ್ಧವಾಗಿರುವ ಉಪ್ಪುನೀರಿನಿಂದ ಅರ್ಧದಷ್ಟನ್ನು ಬದಲಿಸಿದ್ದರೆ ಮೀನುಗಳು ಉಳಿಯುತ್ತಿದ್ದವೇನೋ. ಸಿದ್ಧವಾದ ಉಪ್ಪುನೀರು ನನ್ನ ಬಳಿ ಒಂದು ಬಕೆಟ್ ಕೂಡ ಇರಲಿಲ್ಲ.

ತಿಳಿಗಡಲು ಅವರೇ, ನಿಮ್ಮದು 5 ಸೆಂ.ಮೀ. ಮತ್ತು ದಪ್ಪ ಜಲ್ಲಿ. ನನ್ನಷ್ಟು ಕಪ್ಪು ಪದರ ನಿಮಗೆ ಸಿಗಲಾರದು. ಆದರೂ ಕಲ್ಲುಗಳ ಅಡಿಯಲ್ಲಿ, ನೀರು ಅಲುಗದ ಮೂಲೆಗಳಲ್ಲಿ ಏನಿದೆಯೆಂದು ಹೊರಗಿನಿಂದ ತಿಳಿಯುವುದಿಲ್ಲ. ಕೆಲಸಕ್ಕೆ ಕೈ ಹಾಕುವ ಹಿಂದಿನ ದಿನವೇ ಕನಿಷ್ಠ 100 ಲೀಟರ್ ಉಪ್ಪುನೀರನ್ನು ಬೆರೆಸಿ, ತೊಟ್ಟಿಯ ಉಷ್ಣತೆಗೆ ತಂದು, ಪಂಪ್ ಹಾಕಿ ಇಟ್ಟುಕೊಳ್ಳಿರಿ. ಬಳಸುವ ಸಂದರ್ಭ ಬರದಿದ್ದರೆ ಮುಂದಿನ ವಾರಕ್ಕಾಗುತ್ತದೆ. ಇನ್ನೊಂದು ಮಾತು, ಈ ಕೆಲಸವನ್ನು ಬೆಳಿಗ್ಗೆಯೇ ಆರಂಭಿಸಿರಿ, ನನ್ನಂತೆ ಸಂಜೆಯಲ್ಲ.

ಉಪ್ಪುಗಾಳಿ

ಮೇಲಿನ ಇಬ್ಬರ ಎಚ್ಚರಿಕೆಯನ್ನೂ ಒಪ್ಪುತ್ತೇನೆ, ಆದರೆ ಅವರ ತೀರ್ಮಾನವನ್ನಲ್ಲ. ಕದಡುವುದೇ ಅಪಾಯವಾದರೆ, ಮೀನುಗಳು ಒಳಗಿರುವಾಗ ಆರು ಸಲ ಸ್ವಲ್ಪಸ್ವಲ್ಪ ಕದಡುವುದಕ್ಕಿಂತ ಮೀನುಗಳನ್ನು ಹೊರಗಿಟ್ಟು ಒಂದು ಸಲ ಪೂರ್ತಿ ಕದಡುವುದೇ ಲೇಸಲ್ಲವೇ? ನಾನು ಎರಡು ತೊಟ್ಟಿಗಳಲ್ಲಿ ಒಂದೇ ದಿನದ ವಿಧಾನವನ್ನೇ ಅನುಸರಿಸಿದ್ದೇನೆ. ಎರಡರಲ್ಲೂ ಕಲ್ಲುಗಳು ತಳಹಾಸಿನ ಮೇಲಿದ್ದವು; ಅಡಿಯಿಂದ ಜಲ್ಲಿ ಎಳೆದರೆ ಕಲ್ಲು ವಾಲಿ ಗಾಜು ಸೀಳುವ ಸಂಭವವಿತ್ತು, ಬೇರೆ ದಾರಿಯೂ ಇರಲಿಲ್ಲ.

ಅನುಕ್ರಮ ತಪ್ಪದಿದ್ದರೆ ಅದು ಐದಾರು ಗಂಟೆಯ ಕೆಲಸ. ಎಲ್ಲಕ್ಕಿಂತ ಮೊದಲು ಹೀಟರ್ ಮತ್ತು ಪಂಪ್‌ಗಳ ಪ್ಲಗ್ ಕಳಚಬೇಕು. ಉರಿಯುತ್ತಿರುವ ಹೀಟರ್ ನೀರಿನಿಂದ ಹೊರಗುಳಿದರೆ ಅದರ ಗಾಜು ಒಡೆಯುತ್ತದೆ. ಬಳಿಕ ಯಾವುದನ್ನೂ ಮುಟ್ಟದೆ, ಮೇಲಿನ ತಿಳಿನೀರನ್ನು ಅರ್ಧದಷ್ಟು ಸ್ವಚ್ಛವಾದ ಪ್ಲಾಸ್ಟಿಕ್ ಡ್ರಮ್‌ಗಳಿಗೆ ಇಳಿಸಬೇಕು. ಹವಳಗಳು ಮೊದಲು, ನಂತರ ಕಲ್ಲುಗಳು. ಒಂದೊಂದು ಕಲ್ಲನ್ನೂ ಹಳೆಯ ನೀರಿನ ಬಕೆಟ್‌ನಲ್ಲಿ ಅದ್ದಿ ಅಲ್ಲಾಡಿಸಿದರೆ ರಂಧ್ರಗಳಲ್ಲಿ ಕಟ್ಟಿದ ಗಸಿ ಉದುರುತ್ತದೆ, ಮತ್ತು ಅದು ಎಷ್ಟಿರುತ್ತದೆಂದು ನೋಡಿದ ದಿನ ನನಗೆ ನಾಚಿಕೆಯಾಯಿತು. ಮೀನುಗಳನ್ನು ಕೊನೆಗೆ ಹಿಡಿಯಬೇಕು. ಕಲ್ಲಿಲ್ಲದ, ನೀರು ಕಡಿಮೆಯಿರುವ ತೊಟ್ಟಿಯಲ್ಲಿ ಬಲೆ ಹಿಡಿದು ಓಡಾಡಬೇಕಾಗಿಲ್ಲ. ರಾಸ್ ಮಾತ್ರ ಹೆದರಿದೊಡನೆ ಜಲ್ಲಿಯೊಳಗೆ ನುಗ್ಗುತ್ತದೆ. ಅದು ಸಿಗುವವರೆಗೆ ಮೊಗೆ, ಸಲಿಕೆ ಯಾವುದನ್ನೂ ಜೋರಾಗಿ ಇಳಿಸಬಾರದು. ರಾಸ್ ಮತ್ತು ಗೋಬಿ ಎರಡೂ ಜಿಗಿಯುವ ಜಾತಿಗಳಾದ್ದರಿಂದ ಡ್ರಮ್‌ಗೆ ಜಾಲರಿಯ ಮುಚ್ಚಳ ಬೇಕೇಬೇಕು. ಡ್ರಮ್‌ನಲ್ಲಿ ಬೇರೊಂದು ಹೀಟರ್ ಇಟ್ಟು 25–26 ಡಿಗ್ರಿ ಕಾಯ್ದುಕೊಳ್ಳಬೇಕು, ಒಂದು ಸಣ್ಣ ಪವರ್‌ಹೆಡ್ ಕೂಡ ಓಡುತ್ತಿರಬೇಕು.

ತಳದಲ್ಲಿ ಉಳಿದ ನೀರನ್ನು ಜಲ್ಲಿಯ ಸಮೇತ ಚೆಲ್ಲಿಬಿಡಿ. ಅದರಲ್ಲಿ ಉಳಿಸಿಕೊಳ್ಳುವಂಥದ್ದು ಬಸವನಹುಳುಗಳನ್ನು ಬಿಟ್ಟರೆ ಏನೂ ಇಲ್ಲ. ಗಾಜನ್ನು ಒರೆಸಿ, ಕಲ್ಲುಗಳನ್ನು ಈ ಸಲ ನೇರವಾಗಿ ಗಾಜಿನ ಮೇಲೆ ಕೂರಿಸಿ, ಅವುಗಳ ಸುತ್ತ ಮರಳು ಹರಡಿರಿ. ಮರಳಿನ ಮೇಲೊಂದು ಊಟದ ತಟ್ಟೆಯನ್ನಿಟ್ಟು ಅದರ ಮೇಲೆ ನೀರು ಬೀಳುವಂತೆ ಸುರಿದರೆ ಗುಂಡಿ ಬೀಳುವುದಿಲ್ಲ, ನೀರೂ ಅಷ್ಟು ಹಾಲಿನಂತಾಗುವುದಿಲ್ಲ.

ಕೈಗವಸಿನ ವಿಚಾರ ಯಾರೂ ಹೇಳಿಲ್ಲ. ಜಲ್ಲಿಯಲ್ಲಿ ಬ್ರಿಸಲ್ ಹುಳುಗಳಿರುತ್ತವೆ, ಅವುಗಳ ಮುಳ್ಳು ಚರ್ಮಕ್ಕೆ ಚುಚ್ಚಿದರೆ ದಿನಗಟ್ಟಲೆ ಉರಿಯುತ್ತದೆ. ಕೈಯಲ್ಲಿ ಗಾಯವಿದ್ದರೆ ನೀರಿನಲ್ಲಿರುವ ಮೈಕೋಬ್ಯಾಕ್ಟೀರಿಯಂ ಮ್ಯಾರಿನಮ್ ಎಂಬ ಸೂಕ್ಷ್ಮಜೀವಿಯಿಂದ ತಿಂಗಳುಗಟ್ಟಲೆ ವಾಸಿಯಾಗದ ಹುಣ್ಣುಗಳಾಗಬಹುದು. ನಿಮ್ಮ ಬಳಿ ಝೋವಾಂಥಿಡ್‌ಗಳಿವೆ ಎಂದಿದ್ದೀರಿ. ಈ ಗುಂಪಿನ ಕೆಲವು ಜಾತಿಗಳಲ್ಲಿ ಪ್ಯಾಲಿಟಾಕ್ಸಿನ್ ಎಂಬ ಅತಿ ಉಗ್ರವಾದ ವಿಷವಿರುತ್ತದೆ. ಅವು ಬೆಳೆದಿರುವ ಕಲ್ಲನ್ನು ಹೊರಗೆತ್ತುವಾಗ ಕೈಗವಸಿನೊಂದಿಗೆ ಕಣ್ಣಿಗೆ ಕನ್ನಡಕವೂ ಇರಲಿ; ಅಂಥ ಕಲ್ಲನ್ನು ಬ್ರಷ್‌ನಿಂದ ಉಜ್ಜಬಾರದು, ಬಿಸಿನೀರಂತೂ ಸೋಕಿಸಲೇಬಾರದು. ಆವಿಯೊಂದಿಗೆ ಏಳುವ ವಿಷವನ್ನು ಉಸಿರಾಡಿ ಆಸ್ಪತ್ರೆ ಸೇರಿದವರಿದ್ದಾರೆ.

ನೀಲಿನೆರಳು

ಹೊಸ ಮರಳು ಹಾಕಲೇಬೇಕೇ ಎಂದು ಯಾರೂ ಕೇಳಿಲ್ಲವಲ್ಲ? ಜಲ್ಲಿಯನ್ನು ತೆಗೆದು ಗಾಜಿನ ತಳವನ್ನು ಹಾಗೆಯೇ ಬಿಟ್ಟರೆ ಹೂಳು ಕೂರಲು ಜಾಗವೇ ಇರುವುದಿಲ್ಲ, ಪವರ್‌ಹೆಡ್‌ಗಳನ್ನು ಮನಸ್ಸಿಗೆ ಬಂದಷ್ಟು ಜೋರಾಗಿ ಓಡಿಸಬಹುದು. ನಾಲ್ಕು ವರ್ಷಗಳಿಂದ ನನ್ನ ತೊಟ್ಟಿ ಹಾಗೆಯೇ ಇದೆ. ನೋಡಲು ಮೊದಮೊದಲು ಬೋಳು ಎನ್ನಿಸಿತ್ತು, ಈಗ ಗಾಜಿನ ಮೇಲೆ ನೇರಳೆ ಬಣ್ಣದ ಸುಣ್ಣಪಾಚಿ ಹರಡಿಕೊಂಡು ಆ ಕೊರತೆ ಕಾಣುವುದಿಲ್ಲ.

ಹವಳದಿಬ್ಬ

ನೀಲಿನೆರಳು ಅವರ ಮಾತು ಹವಳಗಳೇ ಪ್ರಧಾನವಾದ ತೊಟ್ಟಿಗೆ ಸರಿ. ಇಲ್ಲಿ ಮರಳು ಬೇಕಾಗಿರುವುದು ನೋಡುವವರಿಗಲ್ಲ, ಅದರಲ್ಲಿ ಮಲಗುವ ಒಂದು ಮೀನಿಗೆ ಮತ್ತು ಅದನ್ನು ಜರಡಿ ಹಿಡಿದು ಹೊಟ್ಟೆ ಹೊರೆಯುವ ಇನ್ನೊಂದು ಮೀನಿಗೆ. ರಾಸ್‌ಗೆ ಬರಿಯ ಗಾಜನ್ನು ಕೊಡುವಂತಿಲ್ಲ.

ತಿಳಿಗಡಲು

ಇಷ್ಟು ವಿವರವಾಗಿ ಬರೆದ ಎಲ್ಲರಿಗೂ ಕೃತಜ್ಞತೆಗಳು. ಕೈ ತೂರಿಸಿ ಮುಟ್ಟಿ ನೋಡಿದೆ. ಎಡಗಡೆಯ ಎರಡು ದೊಡ್ಡ ಕಲ್ಲುಗಳು ಗಾಜಿನ ಮೇಲೆಯೇ ಕುಳಿತಿವೆ. ಬಲಗಡೆಯ, ಮೂರು ಕಲ್ಲುಗಳನ್ನು ಒಂದರ ಮೇಲೊಂದಿಟ್ಟ ಗುಡ್ಡೆ ಮಾತ್ರ ಜಲ್ಲಿಯ ಮೇಲಿದೆ. ಒಟ್ಟು ಕಲ್ಲು 35 ಕೆ.ಜಿ.ಯಷ್ಟು ಇರಬಹುದು. ಇಡೀ ತೊಟ್ಟಿಯನ್ನು ಒಂದೇ ದಿನ ಬರಿದುಮಾಡಲು ಬೇಕಾದಷ್ಟು ಡ್ರಮ್‌ಗಳಾಗಲಿ ಕೈಗಳಾಗಲಿ ನನ್ನಲ್ಲಿಲ್ಲ. ಇನ್ನೆರಡು ವಿಷಯ ತಿಳಿಯಬೇಕಾಗಿದೆ. ಹೊಸ ಮರಳು ಎಷ್ಟು ನಯವಾಗಿರಬೇಕು, ಎಷ್ಟು ಕೊಳ್ಳಬೇಕು? ತೆಗೆದ ಜಾಗಕ್ಕೆ ಆಯಾ ವಾರವೇ ಮರಳು ತುಂಬುತ್ತ ಹೋಗಬಹುದೇ?

ಹವಳದಿಬ್ಬ

ಹಾಗಾದರೆ ಎರಡೂ ವಿಧಾನಗಳನ್ನು ಬೆಸೆಯುವುದೇ ನಿಮಗೆ ಸರಿಹೊಂದುತ್ತದೆ. ಮುಂಭಾಗ ಮತ್ತು ಎಡಗಡೆಯನ್ನು ವಾರವಾರವೂ ಹೂಳೆತ್ತಿ ಬರಿದುಮಾಡಿರಿ. ಬಲಗಡೆಯ ಗುಡ್ಡೆಯನ್ನು ಕೊನೆಗೆ ಉಳಿಸಿಕೊಂಡು, ಅದಕ್ಕೆ ಮಾತ್ರ ಉಪ್ಪುಗಾಳಿ ಅವರ ಅನುಕ್ರಮವನ್ನು ಅನುಸರಿಸಿ, ಮೀನುಗಳನ್ನು ಡ್ರಮ್‌ಗೆ ವರ್ಗಾಯಿಸಿ ಒಂದು ಬೆಳಿಗ್ಗೆ ಮುಗಿಸಿರಿ. ಆ ವೇಳೆಗೆ ತಳದ ಮುಕ್ಕಾಲು ಪಾಲು ಖಾಲಿಯಾಗಿರುವುದರಿಂದ ಕದಡಲು ಉಳಿದಿರುವುದೇ ಸ್ವಲ್ಪ.

ಆಯಾ ವಾರವೇ ಮರಳು ತುಂಬಬೇಡಿ. ಪಕ್ಕದಲ್ಲಿ ಜಲ್ಲಿ ಇರುವಷ್ಟು ಕಾಲ ಗೋಬಿ ಎರಡನ್ನೂ ಕಲಸುತ್ತಲೇ ಇರುತ್ತದೆ, ಕಲಸಿದ್ದನ್ನು ಬೇರ್ಪಡಿಸುವುದು ಸಾಧ್ಯವಿಲ್ಲ. ಗದ್ದೆಗೆ ಬದು ಕಟ್ಟಿದಂತೆ ಅಕ್ರಿಲಿಕ್ ಪಟ್ಟಿಯನ್ನು ನಡುವೆ ನಿಲ್ಲಿಸಿದವರಿದ್ದಾರೆ, ಆದರೆ ನನಗೆ ಅದರಿಂದ ಪ್ರಯೋಜನವಾಗಲಿಲ್ಲ. ಗೋಬಿ ಬದುವಿನ ಈಚೆಯಿಂದ ಬಾಯಲ್ಲಿ ತುಂಬಿಕೊಂಡು ಆಚೆ ಹೋಗಿ ಉಗುಳುತ್ತಿತ್ತು. ಜಲ್ಲಿ ಪೂರ್ತಿ ಹೋದ ಮೇಲೆ ಎರಡು ಅಥವಾ ಮೂರು ಸಲಕ್ಕೆ ಮರಳು ಹಾಕಿರಿ. ಅಲ್ಲಿಯವರೆಗೆ ರಾಸ್‌ಗಾಗಿ, ತೊಳೆದ ಹೊಸ ಮರಳನ್ನು 7 ಸೆಂ.ಮೀ. ತುಂಬಿದ ಅಗಲವಾದ ಪ್ಲಾಸ್ಟಿಕ್ ಡಬ್ಬಿಯೊಂದನ್ನು ಅದು ಈಗ ಮಲಗುವ ಜಾಗದಲ್ಲಿಯೇ ಇಟ್ಟುಬಿಡಿ.

ಕಣದ ಗಾತ್ರ 1ರಿಂದ 2 ಮಿ.ಮೀ. ಇರಲಿ. ಹಿಟ್ಟಿನಂಥ ಅತಿ ನಯವಾದ ಮರಳು ನೋಡಲು ಚೆಂದ, ಆದರೆ ಪವರ್‌ಹೆಡ್‌ನ ಎದುರಿಗೆ ನಿಲ್ಲದೆ ಎದ್ದು ಹವಳಗಳ ಮೇಲೆ ಬೀಳುತ್ತದೆ, ಪಂಪಿನ ರೋಟರ್‌ಗೆ ಸಿಕ್ಕಿ ಅದನ್ನು ಸವೆಸುತ್ತದೆ. ಪ್ರಮಾಣದ ಲೆಕ್ಕ ಸುಲಭ: 120 ಮತ್ತು 50ನ್ನು ಗುಣಿಸಿದರೆ 6,000 ಚದರ ಸೆಂ.ಮೀ.; 4 ಸೆಂ.ಮೀ. ದಪ್ಪಕ್ಕೆ 24 ಲೀಟರ್. ಒಣ ಅರಗೊನೈಟ್ ಮರಳು ಲೀಟರಿಗೆ ಸುಮಾರು ಒಂದೂವರೆ ಕೆ.ಜಿ. ತೂಗುವುದರಿಂದ 36 ಕೆ.ಜಿ. ಆಯಿತು. ಕಲ್ಲುಗಳ ಜಾಗವನ್ನು ಕಳೆದರೆ 30 ಕೆ.ಜಿ. ಸಾಕು, ಉಳಿಕೆಯಲ್ಲಿ ರಾಸ್ ಮಲಗುವ ಮೂಲೆಯನ್ನು ಸ್ವಲ್ಪ ಎತ್ತರಿಸಬಹುದು. ಕೊಂಡದ್ದು ನಿಜವಾಗಿ ಅರಗೊನೈಟೇ ಎಂಬ ಅನುಮಾನವಿದ್ದರೆ ಚಿಟಿಕೆ ಮರಳಿನ ಮೇಲೆ ವಿನೆಗರ್ ಹಾಕಿ ನೋಡಿರಿ: ಸುಣ್ಣದ ಅಂಶವಿದ್ದರೆ ನೊರೆಯೇಳುತ್ತದೆ, ಸಿಲಿಕಾ ಆದರೆ ಸುಮ್ಮನಿರುತ್ತದೆ. ಒಣ ಮರಳನ್ನು ಬಕೆಟ್‌ನಲ್ಲಿ ಹಾಲುಬಣ್ಣ ಹೋಗುವವರೆಗೆ ತೊಳೆದು, ಕೊನೆಯ ಸಲ ಆರ್‌ಒ ನೀರಿನಲ್ಲಿ ಜಾಲಿಸಿರಿ. ಚೀಲದಲ್ಲಿ ಒದ್ದೆಯಾಗಿ ಬರುವ ಜೀವಂತ ಮರಳಾದರೆ ತೊಳೆಯಬಾರದು.

ಫಾಸ್ಫೇಟ್ ಬಗ್ಗೆ ಒಂದು ಮಾತು. ಕ್ಯಾಲ್ಸಿಯಂ ಕಾರ್ಬೊನೇಟ್ ಮೇಲ್ಮೈಗೆ ಫಾಸ್ಫೇಟ್ ಅಂಟಿಕೊಳ್ಳುತ್ತದೆ, ನೀರಿನಲ್ಲಿ ಪ್ರಮಾಣ ಇಳಿದಾಗ ಮತ್ತೆ ಬಿಟ್ಟುಕೊಡುತ್ತದೆ. ನಿಮ್ಮ ಜಲ್ಲಿ ಆರು ವರ್ಷ ಹೀಗೆ ಕೂಡಿಟ್ಟುಕೊಂಡಿರಬಹುದು. ತಿಳಿಯಬೇಕಾದರೆ ಹೊರತೆಗೆದ ಒಂದು ಹಿಡಿ ಜಲ್ಲಿಯನ್ನು ಚೆನ್ನಾಗಿ ತೊಳೆದು, ಒಂದು ಲೀಟರ್ ಹೊಸ ಉಪ್ಪುನೀರಿನಲ್ಲಿ ಎರಡು ದಿನ ಬಿಟ್ಟು ಆ ನೀರನ್ನು ಪರೀಕ್ಷಿಸಿರಿ. ಹೊಸ ಮರಳು ಇದಕ್ಕೆ ತಿರುಗುಮುರುಗಾಗಿ, ಆರಂಭದಲ್ಲಿ ಫಾಸ್ಫೇಟನ್ನು ಹೀರಿಕೊಳ್ಳುತ್ತದೆ. ಅದು ಸೊನ್ನೆಗೆ ಇಳಿಯುವುದೂ ಒಳ್ಳೆಯದಲ್ಲ, ಆಗ ಡೈನೋಫ್ಲ್ಯಾಜೆಲೇಟ್ ಎಂಬ ಸೂಕ್ಷ್ಮಜೀವಿಗಳ ಲೋಳೆ ಕಾಣಿಸಿಕೊಳ್ಳುವುದುಂಟು. ಆದ್ದರಿಂದ ಮರಳು ಹಾಕುವ ವಾರಗಳಲ್ಲಿ ಫಾಸ್ಫೇಟ್ ತೆಗೆಯುವ ಬೇರೆ ಮಾಧ್ಯಮವನ್ನು ಬಳಸಬೇಡಿ, ಮತ್ತು ಕ್ಷಾರತ್ವವನ್ನೂ ಅಳೆಯುತ್ತಿರಿ.

ತಿಳಿಗಡಲು

ಹನ್ನೊಂದು ವಾರಗಳ ನಂತರ ಬರೆಯುತ್ತಿದ್ದೇನೆ. ಕೆಲಸ ಮುಗಿದಿದೆ, ಮೀನುಗಳೆಲ್ಲವೂ ಇವೆ.

ಮೊದಲ ವಾರ ನಳಿಗೆಯನ್ನು ಇಳಿಸಿದಾಗ ಬಂದ ನೀರು ಕಾಫಿಯ ಬಣ್ಣದ್ದು; 30 ಲೀಟರ್ ಮುಗಿದರೂ ಒಂದು ತಟ್ಟೆಯಗಲದ ಜಾಗ ಮಾತ್ರ ತಿಳಿಯಾಗಿತ್ತು. ಆರು ವಾರಗಳಿಗೆ ಹಾಕಿಕೊಂಡ ಲೆಕ್ಕ ಹೀಗಾಗಿ ಎಂಟಕ್ಕೆ ಹೋಯಿತು. ಪ್ರತಿ ಸಲವೂ ಮರುದಿನ ಬೆಳಿಗ್ಗೆ ಅಮೋನಿಯಾ ಅಳೆದೆ. ಮೂರನೆಯ ವಾರ, ಹಿಂದಿನ ಎಡಮೂಲೆಯಲ್ಲಿ ಅವಸರಪಟ್ಟು ಹೆಚ್ಚು ಜಾಗಕ್ಕೆ ಕೈ ಹಾಕಿದ್ದಾಗ, 0.25 ಪಿಪಿಎಂ ತೋರಿಸಿತು. ಉಬ್ಬರವಿಳಿತ ಅವರ ಮಾತಿನಂತೆ ನೀರು ಸಿದ್ಧವಿದ್ದುದರಿಂದ ಕೂಡಲೇ 60 ಲೀಟರ್ ಬದಲಿಸಿದೆ, ಸಂಜೆಗೆ ಸೊನ್ನೆಗೆ ಬಂದಿತು. ಉಳಿದ ವಾರಗಳಲ್ಲಿ ಏನೂ ಕಾಣಿಸಲಿಲ್ಲ.

ಬಲಗಡೆಯ ಗುಡ್ಡೆಯನ್ನು ಎತ್ತಿದ ದಿನ ಅದರ ಅಡಿಯಲ್ಲಿ ಅಂಗೈಯಗಲದ ಕಪ್ಪು ಜಾಗವೊಂದು ಸಿಕ್ಕಿತು, ಮೊಟ್ಟೆಯ ವಾಸನೆಯೂ ಸ್ವಲ್ಪ ಬಂದಿತು. ಮೀನುಗಳು ಹೊರಗಿದ್ದವು, ಹೆದರಿಕೆಯಾಗಲಿಲ್ಲ. ಆದರೆ ಅದೇ ಜಾಗವನ್ನು ಮೀನುಗಳು ಒಳಗಿರುವಾಗ ಮೊಗೆದಿದ್ದರೆ ಎಂಬ ಯೋಚನೆ ಆ ದಿನವೆಲ್ಲ ಬಿಡಲಿಲ್ಲ. ಜಲ್ಲಿಯ ಪರೀಕ್ಷೆಯನ್ನೂ ಮಾಡಿದೆ: ಹೊಸ ಉಪ್ಪುನೀರಿನಲ್ಲಿ ಸೊನ್ನೆಯಿದ್ದ ಫಾಸ್ಫೇಟ್ ಎರಡು ದಿನದಲ್ಲಿ 0.2 ತೋರಿಸಿತು. ಜಲ್ಲಿಯನ್ನು ತೊಳೆದು ಸಂಪಿನಲ್ಲಿ (ಅಕ್ವೇರಿಯಂಗೆ ಜೋಡಿಸಿದ ಫಿಲ್ಟರ್ ತೊಟ್ಟಿಯಲ್ಲಿ) ಬಳಸೋಣವೆಂದುಕೊಂಡಿದ್ದವನು ಆ ಆಲೋಚನೆಯನ್ನು ಕೈಬಿಟ್ಟೆ.

ಮರಳನ್ನು ಮೂರು ಸಲಕ್ಕೆ ಹಾಕಿದೆ. ಪಂಪ್‌ಗಳನ್ನು ನಿಲ್ಲಿಸಿ, 5 ಸೆಂ.ಮೀ. ವ್ಯಾಸದ ಪಿವಿಸಿ ಕೊಳವೆಯನ್ನು ತಳಕ್ಕೆ ಮುಟ್ಟಿಸಿ, ಅದರೊಳಗೆ ಮಗ್‌ನಿಂದ ಸುರಿಯುತ್ತ ಕೊಳವೆಯನ್ನು ನಿಧಾನವಾಗಿ ಸರಿಸಿದೆ. ಆದರೂ ನೀರು ಒಂದೂವರೆ ದಿನ ಹಾಲಿನಂತಿತ್ತು. ಲೆದರ್ ಹವಳದ ಮೇಲೆ ಕೂತ ಪುಡಿಯನ್ನು ರಬ್ಬರ್ ಬುರುಡೆಯ ಪಿಚಕಾರಿಯಿಂದ ಊದಿ ತೆಗೆಯಬೇಕಾಯಿತು. ಅದು ನಾಲ್ಕು ದಿನ ಮುದುಡಿಕೊಂಡಿದ್ದು ಮತ್ತೆ ಅರಳಿತು. ಈಗ ಮರಳಿನ ಮೇಲೆ ಕಂದುಬಣ್ಣದ ಡಯಾಟಮ್ (ಸೂಕ್ಷ್ಮ ಪಾಚಿ) ಪದರ ಕಟ್ಟುತ್ತಿದೆ, ಬೆಳಿಗ್ಗೆಯ ಹೊತ್ತಿಗೆ ಕಡಿಮೆ, ಸಂಜೆಗೆ ಹೆಚ್ಚು. ಹೊಸ ಮರಳಿಗೆ ಇದು ಸಹಜವೆಂದೂ ಕೆಲವು ವಾರಗಳಲ್ಲಿ ಹೋಗುತ್ತದೆಂದೂ ಓದಿದ್ದೇನೆ, ಮುಟ್ಟದೆ ಬಿಟ್ಟಿದ್ದೇನೆ. ನೈಟ್ರೇಟ್ 40ರಿಂದ 15ಕ್ಕೆ, ಫಾಸ್ಫೇಟ್ 0.35ರಿಂದ 0.08ಕ್ಕೆ ಇಳಿದಿವೆ. ಕ್ಷಾರತ್ವ 8 ಡಿಕೆಎಚ್ (ಕ್ಷಾರತ್ವದ ಅಳತೆಯ ಮಾನ) ಇದ್ದದ್ದು ಮರಳು ಹಾಕಿದ ವಾರ 7.2ಕ್ಕೆ ಕುಸಿದು, ಸರಿಪಡಿಸಿದ ಮೇಲೆ ಮತ್ತೆ 8ರಲ್ಲೇ ನಿಂತಿದೆ.

ರಾಸ್ ಡಬ್ಬಿಯನ್ನು ಮೊದಲ ಎರಡು ರಾತ್ರಿ ಲೆಕ್ಕಕ್ಕೇ ತೆಗೆದುಕೊಳ್ಳದೆ ಉಳಿದ ಜಲ್ಲಿಯಲ್ಲಿಯೇ ನುಗ್ಗಿತು. ಮೂರನೆಯ ಸಂಜೆ ಡಬ್ಬಿಯ ಸುತ್ತ ನಾಲ್ಕೈದು ಸುತ್ತು ಹಾಕಿ, ಒಂದು ಬದಿಗೆ ವಾಲಿ, ಒಮ್ಮೆಲೇ ಮರಳಿನೊಳಗೆ ಮಾಯವಾಯಿತು. ಪಕ್ಕೆಯ ಗಾಯಗಳು ಈಗ ಕಾಣುವುದಿಲ್ಲ. ಇಡೀ ತಳಕ್ಕೆ ಮರಳು ಹಾಕಿದ ಮೇಲೆ ಡಬ್ಬಿಯನ್ನು ತೆಗೆಯಲು ಹೋದೆ. ರಾಸ್ ಅದರಲ್ಲಿಯೇ ಮಲಗುತ್ತಿದೆ, ಆದ್ದರಿಂದ ಡಬ್ಬಿ ಸದ್ಯಕ್ಕೆ ಮೂಲೆಯಲ್ಲಿಯೇ ಇದೆ.